ನುಣ್ಣನೆಯ ರಸ್ತೆಯ ಗುಂಡಿಗಳು

"ಗುಂಡಿ!" ಎಂದು ಕೂಗಿದ ಕನ್ನಡಕದಂಗಡಿಯವನು.

ಅವನ ಕೈಯಲ್ಲಿದ್ದ ಗಿಡ್ಡ ಹಗ್ಗದ ಇನ್ನೊಂದು ತುದಿ ಹಿಡಿದು ಪಕ್ಕದಲ್ಲೇ ಓಡುತ್ತಿದ್ದ ಭಾವಮೈದುನ ಕೂಡಲೇ ವೇಗ ತಗ್ಗಿಸಿ, ಮಂಡಿ ಎತ್ತಿ, ಅಗಲವಾಗಿ ಹೆಜ್ಜೆ ಹಾಕಿ ದಾಟಿದ. ದಾಟಲು ಅಲ್ಲಿ ಏನೂ ಇರಲಿಲ್ಲ. ಕಾಲುವೆ ಪಕ್ಕದ ಆ ರಸ್ತೆಗೆ ಹೊಸದಾಗಿ ಡಾಂಬರು ಬಿದ್ದಿತ್ತು. ಸಾಸಿವೆ ಚೆಲ್ಲಿದರೂ ಆರಿಸಿಕೊಳ್ಳಬಹುದು, ಅಷ್ಟು ನುಣುಪು. ಹುಟ್ಟುಕುರುಡನಿಗೆ ಅದೆಲ್ಲಿ ಗೊತ್ತಾಗಬೇಕು ಎಂದುಕೊಂಡು, ಸಿಕ್ಕ ಬಿಡುವಿನಲ್ಲಿ ಅಂಗಡಿಯವನು ಗಬಗಬನೆ ಉಸಿರೆಳೆದುಕೊಂಡ.

ಅವನ ಪಾಡು ಯಾರಿಗೂ ಬೇಡ. ಕನ್ನಡಕದ ಫ್ರೇಮುಗಳ ವ್ಯಾಪಾರಕ್ಕೆಂದು ದೂರದೇಶಕ್ಕೆ ಹೋಗಿದ್ದವನು ವಿಮಾನದಿಂದ ವಿಮಾನಕ್ಕೆ ಹತ್ತಿಳಿದು, ಯಾವುದೋ ನಿಲ್ದಾಣದ ಕಬ್ಬಿಣದ ಕುರ್ಚಿಯಲ್ಲಿ ಕತ್ತು ಉಳುಕಿಸಿಕೊಂಡು ಮೊನ್ನೆ ಮನೆ ಸೇರಿದ್ದ. ಪಾದ ಊದಿ ಬೂಟು ಕಚ್ಚುತ್ತಿತ್ತು. ಕಿವಿಯಂತೂ ಹತ್ತಿ ತುರುಕಿದ ಹಾಗೆ ಮುಚ್ಚಿಕೊಂಡು, ತನ್ನ ಏದುಸಿರು ಬಿಟ್ಟರೆ ಬೇರೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇನ್ನೆರಡು ದಿನ ಸುಧಾರಿಸಿಕೊಳ್ಳಿ ಎಂದು ಹೆಂಡತಿ ಹೇಳಿದ್ದಳು. ಆದರೆ ಅವನಿಲ್ಲದಾಗ ತಮ್ಮನ ಹಗ್ಗ ಹಿಡಿದು ಓಡಿಸಿದವಳು ಅವಳೇ. ಅದೇ ಅವನ ಹೊಟ್ಟೆಯಲ್ಲಿ ಕೆಂಡವಾಗಿತ್ತು.

ಭಾನುವಾರ ಓಟದ ಸ್ಪರ್ಧೆ. ಅಂಧರ ಜೊತೆ ಒಬ್ಬರಿಗೆ ಮಾತ್ರ ಅವಕಾಶ, ಹೆಸರು ಇವತ್ತೇ ಹೇಳಬೇಕು. ಹೋದ ಸಲದ ಪದಕ ತೊಟ್ಟು, ಭಾವಮೈದುನನ ಹೆಗಲ ಮೇಲೆ ಕೈಹಾಕಿ ತೆಗೆಸಿಕೊಂಡ ಫೋಟೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲುಗಡೆ ತೂಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ, "ನಾನಿಲ್ದಿದ್ರೆ ಇವನು ಗೇಟೂ ದಾಟಲ್ಲ ನೋಡಿ" ಎನ್ನುವುದು ರೂಢಿ. ಆ ಜಾಗದಲ್ಲಿ ಹೆಂಡತಿಯ ಫೋಟೋ ತೂಗುವುದನ್ನು ಅವನಿಂದ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಬೆಳಿಗ್ಗೆ ಅವಳ ಫೋನಿನ ಅಲಾರಂ ಆಫ್ ಮಾಡಿ, ಕಳ್ಳನ ಹಾಗೆ ಬಾಗಿಲೆಳೆದುಕೊಂಡು ಬಂದಿದ್ದ.

"ಅಕ್ಕ ಯಾಕೆ ಬರ್ಲಿಲ್ಲ ಭಾವ?" ಎಂದ ಭಾವಮೈದುನ. ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಅವನು. ಓಡುವಾಗಲೂ ದನಿ ಅಲುಗುತ್ತಿರಲಿಲ್ಲ.

"ಬೇಡ ಅಂದ್ಲು. ನಿನ್ನನ್ನ ಎಳ್ಕೊಂಡು ಓಡಿ ಸಾಕಾಗಿದ್ಯಂತೆ."

"ನಂಗೇನೂ ಹೇಳ್ಲಿಲ್ವಲ್ಲ."

"ನಿನ್ನ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳ್ತಾಳೆ? ಗುಂಡಿ!"

ಭಾವಮೈದುನ ದಾಟಿದ. ಹಗ್ಗ ಹಿಡಿದವನು ಗುಂಡಿ ಎಂದರೆ ಕಾಲೆತ್ತಬೇಕು, ಎದುರು ಕೇಳಬಾರದು. ಮೊದಲ ದಿನವೇ ಅವರು ಮಾಡಿಕೊಂಡ ಕರಾರು ಅದು.

"ಚೆನ್ನಾಗೇ ಓಡ್ತಿದ್ಲು ಭಾವ."

"ಓಡೋದಾ? ಬಸ್ಸಿನ ಹಿಂದೆ ಓಡಿದ್ದು ನೋಡಿದೀನಿ. ಡ್ರೈವರಿಗೇ ಅಯ್ಯೋ ಅನ್ನಿಸಿ ನಿಲ್ಲಿಸ್ದ."

"ಏನಂದ್ರಿ? ಜೋರಾಗಿ ಹೇಳಿ ಭಾವ, ಗಾಳಿ."

ಗಾಳಿ ಇರಲಿಲ್ಲ. ಆದರೆ ತನ್ನ ಮಾತು ತನಗೇ ಸರಿಯಾಗಿ ಕೇಳಿಸದವನು ಅದನ್ನು ಗಮನಿಸಲಿಲ್ಲ. ಬಸ್ಸಿನ ಕಥೆಯನ್ನು ಇನ್ನಷ್ಟು ಒಗ್ಗರಣೆ ಹಾಕಿ ಕೂಗಿ ಹೇಳಿದ.

"ಅಲ್ಲ, ಭಾನುವಾರ ಅವಳೇ ಬಂದ್ರೆ ಪೂರ್ತಿ ಓಡಲ್ವಾ ಅಂತ."

ಪಕ್ಕೆಯಲ್ಲಿ ಚುಚ್ಚುತ್ತಿದ್ದ ನೋವಿಗೋ, ಹೊಟ್ಟೆಕಿಚ್ಚಿಗೋ, ಅಂಗಡಿಯವನ ನಾಲಿಗೆ ಹಿಡಿತ ತಪ್ಪಿತು. "ಅವಳು ಏನನ್ನ ಪೂರ್ತಿ ಮಾಡಿದಾಳೆ ಹೇಳು? ಎರಡು ಸಲ ಬಸಿರಾದ್ಲು, ಒಂದನ್ನಾದ್ರೂ ಕೊನೇವರೆಗೆ ಹೊತ್ಲಾ? ಓಟ ಮುಗಿಸ್ತಾಳಂತೆ!"

ಭಾವಮೈದುನ ಗಕ್ಕನೆ ನಿಂತ. ಹಗ್ಗ ಜಗ್ಗಿ ಅಂಗಡಿಯವನು ಮುಗ್ಗರಿಸಿದ. ಸಾವರಿಸಿಕೊಂಡು ತಿರುಗಿದರೆ, ಕೂಗಳತೆಯೂ ಇಲ್ಲದಷ್ಟು ಹತ್ತಿರ, ರಸ್ತೆಯ ನಡುವೆ ಹೆಂಡತಿ ನಿಂತಿದ್ದಳು. ಓಡುವ ಬೂಟು ಹಾಕಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು.

"ಇವಳು... ಯಾವಾಗಿಂದ?"

"ಸೇತುವೆಯಿಂದ ನಮ್ಮ ಹಿಂದೇನೇ ಇದಾಳೆ. ಅವಳ ಹೆಜ್ಜೆ ನಂಗೆ ಗೊತ್ತಾಗಲ್ವಾ?" ಭಾವಮೈದುನನ ದನಿ ಈಗ ಅಲುಗುತ್ತಿತ್ತು. "ಈ ರಸ್ತೇಲಿ ಗುಂಡಿ ಇಲ್ಲ ಅಂತಾನೂ ಗೊತ್ತು. ಡಾಂಬರು ಹಾಕಿದ ಮಾರನೇ ದಿನಾನೇ ಅಕ್ಕನೂ ನಾನೂ ಇಲ್ಲಿ ಓಡಿದ್ವಿ, ಬೂಟು ಅಂಟ್ತಿತ್ತು. ನಿಮ್ಮ ಬಣ್ಣ ನಿಮ್ಮ ಬಾಯಿಂದಾನೇ ಬಯಲಾಗ್ಲಿ, ಅವಳೂ ಕೇಳ್ಲಿ ಅಂತ..."

ಅವಳು ನಡೆದು ಬಂದಳು. ಗಂಡನ ಮುಖ ನೋಡಲಿಲ್ಲ. ತಮ್ಮನ ಎದುರು ನಿಂತಳು.

"ನಾನು ಹಿಂದೆ ಇದೀನಿ ಅಂತ ಗೊತ್ತಿದ್ದೂ ಜೋರಾಗಿ ಹೇಳಿ ಅಂದ್ಯಲ್ಲೋ."

"ಅಕ್ಕಾ, ಅವರು ಆ ಮಾತಿಗೆ ಬರ್ತಾರೆ ಅಂತ ನಾನು..." ತಮ್ಮ ಹಗ್ಗದ ಕೈಯನ್ನೇ ಅವಳತ್ತ ಚಾಚಿದ. "ಭಾನುವಾರ ನೀನೇ ಬಾರೇ. ನಿನ್ನ ಹೆಸರೇ ಕೊಡ್ತೀನಿ."

ಅವಳು ಹಗ್ಗ ಮುಟ್ಟಲಿಲ್ಲ. ಇಬ್ಬರನ್ನೂ ಬಳಸಿಕೊಂಡು ಮುಂದೆ ಹೋದಳು. ಮೊದಲು ನಡೆದಳು, ಆಮೇಲೆ ಓಡಿದಳು. ಎಷ್ಟು ಹಗುರವಾಗಿ ಓಡುತ್ತಾಳೆ ಎಂದು ಗಂಡನಿಗೆ ಆಗಲೇ ಗೊತ್ತಾದದ್ದು. ಹಿಟ್ಟಿನ ಗಿರಣಿಯ ತಿರುವು ಬರುವವರೆಗೂ ಅವಳು ಕತ್ತು ಹೊರಳಿಸಲಿಲ್ಲ. ತಿರುವು ದಾಟಿ ಮರೆಯಾದಳು.

"ಹೆಜ್ಜೆ ಕೇಳಿಸ್ತಿಲ್ಲ," ಎಂದ ಭಾವಮೈದುನ. ಅವನ ಕೆನ್ನೆ ಒದ್ದೆಯಾಗಿತ್ತು. "ನಿಂತ್ಲಾ ಭಾವ? ತಿರುಗಿ ನೋಡ್ತಿದಾಳಾ?"

ಅಂಗಡಿಯವನು ರಸ್ತೆಯನ್ನೇ ನೋಡಿದ.

"ನೋಡ್ತಿದಾಳೆ," ಎಂದ.

ಭಾವಮೈದುನ ಕೈ ಮೇಲೆತ್ತಿ, ಖಾಲಿ ರಸ್ತೆಯ ಕಡೆಗೆ ಬೀಸತೊಡಗಿದ.