ಮೂರು ದಿನ ಮುಟ್ಟಬಾರದು

ಬೆಳೆದ ಕುರಿಯ ಮೂಳೆಯಿಂದ ಮಜ್ಜೆ ತೆಗೆದು, ಅದರ ಕಾಂಡಕೋಶಗಳನ್ನು ಬಾಟಲಿಯಲ್ಲಿ ಬೆಳೆಸುವುದು ನನ್ನ ಕೆಲಸ. ಕೋಶಗಳು ತಳಕ್ಕೆ ಅಂಟಿಕೊಳ್ಳಲು ಮೂರು ದಿನ ಬೇಕು. ಅಲ್ಲಿಯವರೆಗೆ ಬಾಟಲಿ ಅಲುಗಬಾರದು. ನಮ್ಮ ಪ್ರಯೋಗಾಲಯದ ಸಾಹೇಬರು ಬಾಟಲಿಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲಿಗೆ ತಾವೇ ಚೀಟಿ ಅಂಟಿಸಿದರು: "ಯಾರೂ ಮುಟ್ಟಕೂಡದು."

ಆಮೇಲೆ, ಯಾರಾದರೂ ಮುಟ್ಟಿದ್ದಾರೆಯೇ ಎಂದು ನೋಡಲು ದಿನಕ್ಕೆ ನಾಲ್ಕು ಸಲ ಬಾಗಿಲು ತೆರೆದರು. ಒಂದೊಂದೇ ಬಾಟಲಿ ಎತ್ತಿ, ಬೆಳಕಿಗೆ ಹಿಡಿದು, ಕುಲುಕಿ, "ಇನ್ನೂ ಅಂಟಿಲ್ವಲ್ರೀ!" ಎಂದರು. ಅನ್ನ ಬೆಂದಿತೇ ಎಂದು ಗಳಿಗೆಗೊಮ್ಮೆ ಮುಚ್ಚಳ ಎತ್ತುವ ನಮ್ಮತ್ತೆಯೇ ವಾಸಿ; ಆಕೆ ಪಾತ್ರೆ ಕುಲುಕುವುದಿಲ್ಲ.

"ಸರ್, ನೀವು ಎತ್ತದಿದ್ರೆ ಅಂಟ್ಕೊಳ್ತವೆ," ಎಂದೆ.

"ನಾನು ನೋಡ್ಕೊಳ್ದೇ ಇದ್ರೆ ಇಲ್ಲಿ ಯಾವ ಕೆಲಸ ಆಗುತ್ತೆ ಹೇಳಿ?"

ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಮುಂದಿನ ಸಲ ಹೊಸದಾಗಿ ಕೋಶಗಳನ್ನು ಹಾಕಿದಾಗ ಒಂದು ಬಾಟಲಿಯನ್ನು ಕೆಳಗಿನ ಅರೆಯಲ್ಲಿ, ನೀರಿನ ಟ್ರೇಯ ಹಿಂದೆ ಬಚ್ಚಿಟ್ಟೆ.

ನಾಲ್ಕನೆಯ ದಿನ ಉಳಿದ ಬಾಟಲಿಗಳ ತಳದಲ್ಲಿ ಒಂದು ಕೋಶವೂ ಅಂಟಿರಲಿಲ್ಲ. ಬಚ್ಚಿಟ್ಟದ್ದರ ತಳದಲ್ಲಿ ಮಾತ್ರ ಕೋಶಗಳು ಚಾಪೆ ಹಾಸಿದಂತೆ ಅಂಟಿದ್ದವು. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸಾಹೇಬರನ್ನು ಕರೆದೆ. ನೋಡಿದವರ ಮುಖ ಅರಳಿತು.

"ನೋಡಿದ್ರಾ? ಇದೊಂದನ್ನ ನಾನು ದಿನಾ ಜಾಸ್ತಿ ಎತ್ತಿ ನೋಡ್ತಿದ್ದೆ. ಉಳಿದವನ್ನೇ ಸ್ವಲ್ಪ ಅಲಕ್ಷ್ಯ ಮಾಡ್ಬಿಟ್ಟೆ."