ಸಿದ್ದವ್ವನ ಎತ್ತು, ಕಾಶೀಂಬಿಯ ಮುಗಿಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಜೇಂದ್ರಗಡದ ನಮ್ಮ ಸೀರೆ ಅಂಗಡಿಯಲ್ಲಿ ನಾನು ಕೂರದ ದಿನವೇ ವ್ಯಾಪಾರ ಜಾಸ್ತಿ ಎಂಬುದು ನಮ್ಮ ಮನೆಯವರ ಅಭಿಪ್ರಾಯ. ಹಾಗಾಗಿ ಸೂಡಿಯ ಆಚೆಗಿನ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಗೆ ಪ್ರತಿ ಶನಿವಾರ ಹೋಗಿ ಪುಕ್ಕಟೆ ಚಿತ್ರ ಕಲಿಸುತ್ತೇನೆ ಎಂದಾಗ, ಅವರು ಖುಷಿಯಿಂದ ಬಸ್‌ಸ್ಟ್ಯಾಂಡಿನ ತನಕ ಬಂದು ಬಿಟ್ಟು ಹೋದರು.

ಆ ಶಾಲೆಯಲ್ಲಿ ಚಿತ್ರ ಕಲಿಸುವವರು ಯಾರೂ ಇರಲಿಲ್ಲ. ಹೆಡ್‌ಮಾಸ್ತರ್ ಹೇಮಪ್ಪನವರು ಆರು ಮತ್ತು ಏಳನೇ ತರಗತಿಯ ಮೂವತ್ತೆಂಟು ಮಕ್ಕಳನ್ನು ನನಗೆ ಒಪ್ಪಿಸಿ, ಒಂದು ಮಾತನ್ನು ಮೊದಲೇ ಹೇಳಿಬಿಟ್ಟರು. ಮಕ್ಕಳು ಸ್ಕಾಲರ್‌ಶಿಪ್ ಪರೀಕ್ಷೆ ಬರೆಯಬೇಕು, ಗಣಿತಕ್ಕೆ ಸಮಯ ಸಾಲುತ್ತಿಲ್ಲ. ರೋಣದ ತಾಲೂಕು ಸ್ಪರ್ಧೆಯಲ್ಲಿ ಒಂದಾದರೂ ಬಹುಮಾನ ಬಂದರೆ ಚಿತ್ರದ ತಾಸು ಉಳಿಯುತ್ತದೆ. ಇಲ್ಲದಿದ್ದರೆ ಅದು ಗಣಿತಕ್ಕೆ ಹೋಗುತ್ತದೆ.

ಮೊದಲ ಎರಡು ಶನಿವಾರ ನಾನು ಕಲಿಸಿದ್ದಕ್ಕಿಂತ ಕೂಗಿದ್ದೇ ಹೆಚ್ಚು. ಇದ್ದದ್ದು ಆರು ಕತ್ತರಿ, ನಾಲ್ಕು ಬಣ್ಣದ ಪೆಟ್ಟಿಗೆ; ಅವಕ್ಕೇ ಮಕ್ಕಳ ಜಗಳ. ಮೂರನೆಯ ವಾರ ಹೋದರೆ ಗದ್ದಲವೇ ಇಲ್ಲ. ಅವರಷ್ಟಕ್ಕೆ ಅವರೇ ಸಾಲಾಗಿ ಕೂತಿದ್ದರು. ನನಗೆ ಹೆದರಿದ್ದಾರೆ ಎಂದು ಒಳಗೊಳಗೇ ಹಿಗ್ಗಿದೆ. ಹಿಂದಿನ ವಾರ 'ನಮ್ಮ ಹೊಲ' ಎಂಬ ವಿಷಯ ಕೊಟ್ಟು ಬರೆದಿಡಲು ಹೇಳಿದ್ದೆ; ಆ ಚಿತ್ರಗಳನ್ನು ಕಟ್ಟಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಬಿಚ್ಚಿ ನೋಡಿದರೆ ಮೂವತ್ತೆಂಟು ಹಾಳೆಯಲ್ಲೂ ಅದೇ ಜೋಡೆತ್ತು. ಏನು ಚೆಂದದ ಎತ್ತುಗಳು. ನೊಗಕ್ಕೆ ಬಾಗಿದ ಕತ್ತು, ಎರೆಮಣ್ಣಿನಲ್ಲಿ ಹೂತ ಗೊರಸು. ಚಿತ್ರಕಲೆ ಓದಿದ ನನಗೂ ಹಾಗೆ ಬರೆಯಲು ಬರುವುದಿಲ್ಲ. ಆದರೆ ಎಲ್ಲವೂ ಒಂದೇ ಕೈಯವು. ಮುಗಿಲೂ ಒಂದೇ ಕೈಯದು, ಹೊಲದ ಸಾಲೂ ಅಷ್ಟೇ.

ಮುಂದಿನ ಶನಿವಾರ ಹೋದವಳೇ ಹರಿಹಾಯ್ದೆ. ಎತ್ತು ಬರೆದವಳು ಏಳನೇ ತರಗತಿಯ ಸಿದ್ದವ್ವ, ಕಿಟಕಿ ಪಕ್ಕ ಕೂರುವ ಸಣಕಲು ಹುಡುಗಿ. ಪಾಪದವಳನ್ನು ಹಿಡಿದು ಎಲ್ಲರೂ ದುಡಿಸಿಕೊಂಡಿದ್ದಾರೆ ಎಂದುಕೊಂಡೆ. ಆಗ ಕಳಕೇಶ ಎಂಬ ಹುಡುಗ ಎದ್ದು ನಿಂತ.

"ಮೋಸಾ ಮಾಡಿಲ್ರಿ ಅಕ್ಕೋರ. ಮುಯ್ಯಿ ಮಾಡೀವ್ರಿ. ಎತ್ತು ಸಿದ್ದವ್ವ ಚಲೋ ತಗೀತಾಳ, ಮುಗಿಲು ಕಾಶೀಂಬಿ. ನನಗ ಸಾಲು ಹೊಡಿಯಾಕ ಅಷ್ಟ ಬರತೈತಿ, ಎಲ್ಲಾರ ಹಾಳಿ ಮ್ಯಾಲೂ ಹೊಡದೇನ್ರಿ."

ಅವರ ಮನೆಗಳಲ್ಲಿ ಹೊಲದ ಕೆಲಸ ನಡೆಯುವುದೇ ಹಾಗೆ. ಇವತ್ತು ನಿಮ್ಮ ಹೊಲದ ಕಳೆಗೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ಮಾತಿಲ್ಲ, ಆಳಿಗೆ ಆಳು; ಅದೇ ಮುಯ್ಯಿ. ಕತ್ತರಿಯ ಜಗಳವನ್ನೂ ಅವರು ಹಾಗೆಯೇ ಬಗೆಹರಿಸಿಕೊಂಡಿದ್ದರು. ನಾನೇನೋ ನನ್ನ ಗಂಟಲಿನ ಪ್ರತಾಪ ಎಂದುಕೊಂಡಿದ್ದೆ.

ಒಳ್ಳೆಯ ಟೀಚರಾಗಿದ್ದರೆ ಅಲ್ಲೇ ಕಣ್ತುಂಬಿ ಬರುತ್ತಿತ್ತು. ನಾನು ಮಾತ್ರ ಇದು ಹೊಲವಲ್ಲ, ಶಾಲೆ ಎಂದು ಗದರಿಸಿ, ಎಲ್ಲರನ್ನೂ ದೂರ ದೂರ ಕೂರಿಸಿದೆ. ನನ್ನ ತಲೆಯಲ್ಲಿ ರೋಣದ ಬಹುಮಾನ ಕೂತಿತ್ತು. ನಾಲ್ಕು ಶನಿವಾರ ಸಿದ್ದವ್ವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮುಗಿಲು, ಮರ, ಮನುಷ್ಯರನ್ನು ಬರೆಯಲು ಕಲಿಸಿದೆ. ಎಲ್ಲವನ್ನೂ ಕಲಿತಳು. ಬಹುಮಾನ ಬರದಿದ್ದರೆ ಏನಾಗುತ್ತದೆ ಎಂಬುದನ್ನೂ ಅವಳಿಗೆ ಬಿಡಿಸಿ ಹೇಳಿದ್ದೆ.

ರೋಣದಲ್ಲಿ ಕೊಟ್ಟ ವಿಷಯ 'ಬಿತ್ತನೆ'. ನಾನು ಹೊರಗೆ ಕಿಟಕಿ ಹಿಡಿದು ನಿಂತಿದ್ದೆ. ಇಪ್ಪತ್ತು ನಿಮಿಷದಲ್ಲಿ ಸಿದ್ದವ್ವನ ಹಾಳೆಯ ಮೇಲೆ ಕೂರಿಗೆ ಎಳೆಯುವ ಜೋಡೆತ್ತು ಮೂಡಿತು. ನಿರ್ಣಾಯಕರೊಬ್ಬರು ಅವಳ ಬೆನ್ನ ಹಿಂದೆ ನಿಂತವರು ಮುಂದೆ ಹೋಗಲೇ ಇಲ್ಲ. ಬಹುಮಾನ ನಮ್ಮದೇ ಎಂದುಕೊಂಡೆ. ಅಷ್ಟರಲ್ಲಿ ಅವಳು ಪೆನ್ಸಿಲ್ ಕೆಳಗಿಟ್ಟು ಕೈಕಟ್ಟಿ ಕೂತಳು. ನಾನು ಸನ್ನೆ ಮಾಡಿದೆ, ಕಣ್ಣು ಕೆಕ್ಕರಿಸಿದೆ. ಗಂಟೆ ಬಾರಿಸುವವರೆಗೂ ಅವಳು ಹಾಳೆ ಮುಟ್ಟಲಿಲ್ಲ. ಎತ್ತುಗಳ ಮೇಲೂ ಕೆಳಗೂ ಬರೀ ಬಿಳಿ.

ಹೊರಗೆ ಬಂದಾಗ ಹಲ್ಲು ಕಚ್ಚಿಕೊಂಡು ಕೇಳಿದೆ.

"ಮುಗಿಲು ಕಾಶೀಂಬಿದ್ರಿ ಅಕ್ಕೋರ, ಸಾಲು ಕಳಕೇಶಂದು. ಅವರ ಜಾಗಾ ಬಿಟ್ಟೇನ್ರಿ," ಎಂದಳು. "ಅವರಿಲ್ಲದಾಗ ಅವರ ಪಾಲು ನಾ ಹ್ಯಾಂಗ ಹೊಡಕೊಳ್ಳಲಿ?"

ಅವಳಿಗೆ ಬರುತ್ತಿತ್ತು. ಏನು ಕಳೆದುಕೊಳ್ಳುತ್ತೇನೆ ಎಂಬುದೂ ಗೊತ್ತಿತ್ತು. ಆದರೂ ಬರೆಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನ್ನ ಸಿಟ್ಟು ಎಲ್ಲೋ ದಾರಿಯಲ್ಲಿ ಇಳಿದು ಹೋಗಿತ್ತು. ಹನ್ನೆರಡು ವರ್ಷದ ಹುಡುಗಿಯ ಮೇಲೆ ನನಗೆ ಹುಟ್ಟಿದ್ದು ಗೌರವ. ಅಷ್ಟು ಗಟ್ಟಿತನ ನನಗೆ ಈಗಲೂ ಇಲ್ಲ.

ಬಹುಮಾನ ಬರಲಿಲ್ಲ. ಹೇಮಪ್ಪನವರು ಕೆಟ್ಟವರಲ್ಲ, ನನ್ನ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿ ವಿಷಯ ಹೇಳಿದರು. ಚಿತ್ರದ ತಾಸು ಗಣಿತಕ್ಕೆ ಹೋಯಿತು. ಮುಂದಿನ ಶನಿವಾರ ಅಂಗಡಿಯಲ್ಲಿ ಕೂತು ಇಬ್ಬರು ಗಿರಾಕಿಗಳನ್ನು ಓಡಿಸಿದೆ.

ಮರುದಿನ ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಹೊರಗೆ ಎಂಟು ಮಕ್ಕಳು, ಕೈಯಲ್ಲಿ ಬುತ್ತಿಗಂಟು. ಸಿದ್ದವ್ವ, ಕಾಶೀಂಬಿ, ಕಳಕೇಶ ಎಲ್ಲರೂ ಇದ್ದರು. ಕರೆದುಕೊಂಡು ಬಂದವಳು ಸಿದ್ದವ್ವನ ಅಜ್ಜಿ ಅಡಿವೆವ್ವ.

"ಎಂಟು ಶನಿವಾರ ನೀವು ನಮ್ಮ ಹುಡುಗರ ಕಡೆ ಬಂದೀರಿ ಅಕ್ಕೋರ," ಎಂದಳು ಅಜ್ಜಿ. "ಎಂಟ ಆಳು ಕರಕೊಂಡ ಬಂದೇನಿ. ಏನ ಕೆಲಸ ಐತಿ ಹೇಳ್ರಿ."

ನಮ್ಮದೋ ಪೇಟೆಯ ಮನೆ, ಹೊಲವಿಲ್ಲ, ದನವಿಲ್ಲ. ಕೆಲಸವೇನೂ ಇಲ್ಲ ಎಂದು ನಮ್ಮ ಮನೆಯವರು ಹೇಳಹೊರಟರು. ಅವರನ್ನು ಸುಮ್ಮನಾಗಿಸಿ, ಅಂಗಡಿಯಿಂದ ಬಿಳಿ ಕಾಗದದ ಸುರುಳಿ ತರಿಸಿ, ಪಡಸಾಲೆಯಿಂದ ಅಡುಗೆಮನೆಯ ತನಕ ಹಾಸಿದೆ. ಕೆಲಸ ಇದೇ ಎಂದೆ.

ಮಕ್ಕಳು ತಮ್ಮ ತಮ್ಮ ಜಾಗ ಹಿಡಿದು ಕೂತರು. ಸಿದ್ದವ್ವ ಮಾತ್ರ ಪೆನ್ಸಿಲ್ ಹಿಡಿದು ಹಾಗೇ ನಿಂತಳು.

"ಇದನ್ನ ತಗದ್ರ ನೀವು ಮತ್ತ ಕಲಿಸಿದಂಗ ಆಗತೈತ್ರಿ ಅಕ್ಕೋರ. ಮುಯ್ಯಿ ತೀರಂಗಿಲ್ಲ. ಮುಂದಿನ ಐತಾರ ಮತ್ತ ನಾವ ಬರಬೇಕಾಗತೈತಿ."

"ಹೌದವ್ವ, ತೀರಂಗಿಲ್ಲ," ಎಂದೆ. "ಬರ್ರಿ."