ಕೋಣೆ ತೆರೆದ ಭಾನುವಾರ

ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಸ್ಕೂಲಿನಂತೆ ಕಾಣುತ್ತದೆ ಎಂದು ಜೆಸಿಂತಾ ಅವನ್ನು ಸುತ್ತಲೂ ಇಟ್ಟಳು. ಹಾಗಿಟ್ಟರೆ ನಾಚಿಕೆಯ ಹುಡುಗಿಯರು ಬಾಗಿಲಲ್ಲೇ ನಿಂತುಬಿಡುತ್ತಾರೆ ಅನಿಸಿ ಮತ್ತೆ ಎಳೆದಾಡಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು. ಚರ್ಚಿನಲ್ಲಿ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು.

ಹುಣಸೂರಿನ ಆ ಚರ್ಚಿನ ಹಿಂದೆ ಮುರಿದ ಬೆಂಚು, ಹಳೇ ಮೈಕ್ ಸೆಟ್ಟು ತುಂಬಿದ್ದ ಕೋಣೆಯೊಂದಿತ್ತು. ಯುವಜನ ಸಂಘದ ಹುಡುಗರು ಪೂಜೆ ಮುಗಿದದ್ದೇ ಬೇಕರಿ ಮುಂದೆ ಮೊಬೈಲ್ ಹಿಡಿದು ನಿಲ್ಲುವುದನ್ನು ನೋಡಿ, ಈ ವರ್ಷ ಸಂಘದ ಜವಾಬ್ದಾರಿ ಹೊತ್ತ ಜೆಸಿಂತಾ ಅವರೆಲ್ಲ ಕೂಡಿ ಕೂರಲೆಂದು ಫಾದರ್ ಹತ್ತಿರ ಆ ಕೋಣೆ ಕೇಳಿದ್ದಳು. ಹುಡುಗರೇ ಸುಣ್ಣ ಬಳಿದರು. ಜೆಸಿಂತಾಳ ಅಮ್ಮನ ಹಳೇ ಸೀರೆ ಕಿಟಕಿಗೆ ಪರದೆಯಾಯಿತು. ‘ಯಾರು ಬೇಕಾದರೂ ಬರಬಹುದು’ ಎಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದರು.

ಆ ಮಾತು ಬರೆಯುವಾಗಲೇ ಅವಳಿಗೆ ಅನಿತಾ ನೆನಪಾಗಿದ್ದು. ಇಬ್ಬರೂ ಒಟ್ಟಿಗೆ ಓದಿದವರು. ಅನಿತಾ ರಾವಂದೂರಿನ ರೈತರ ಮನೆಯ ಶಿವಶಂಕರ್‌ನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಾಗ ಅವಳಪ್ಪ ಚೌರಪ್ಪ ಮಾತು ಬಿಟ್ಟರು. ಅವರು ಚರ್ಚಿನ ಹಿರಿಯರು. ಅವತ್ತಿನಿಂದ ಅನಿತಾ ಈ ಕಡೆ ತಲೆ ಹಾಕಿರಲಿಲ್ಲ.

ಕೋಣೆ ತೆರೆಯುವ ದಿನಕ್ಕೆ ಅನಿತಾಳನ್ನು ಜೆಸಿಂತಾ ಫೋನ್ ಮಾಡಿ ಕರೆದಿದ್ದಳು. ರಿಬ್ಬನ್ ಕತ್ತರಿಸುವವರು ಚೌರಪ್ಪ ಅನ್ನುವುದನ್ನು ಹೇಳಲಿಲ್ಲ. ಚೌರಪ್ಪನವರಿಗೂ ಅನಿತಾ ಬರುವುದನ್ನು ಹೇಳಲಿಲ್ಲ. ಎದುರುಬದುರು ನಿಂತರೆ ಕರುಳು ಸುಮ್ಮನಿರುತ್ತದೆಯೇ ಅಂದುಕೊಂಡಿದ್ದಳು.

“ಎಲ್ಲಾ ಬಂದ್ರೇನವ್ವಾ?” ಚೌರಪ್ಪ ಕತ್ತರಿ ಹಿಡಿದು ಕೇಳಿದರು.

“ಇನ್ನೊಬ್ರು ಬರ್ಬೇಕು ಅಂಕಲ್.” ಜೆಸಿಂತಾ ಗೇಟಿನ ಕಡೆ ನೋಡಿದಳು.

ಶಿವಶಂಕರ್ ಬೈಕು ತಂದು ನಿಲ್ಲಿಸಿದ. ಅನಿತಾ ಇಳಿದು, ನಗುತ್ತಾ ನಾಲ್ಕು ಹೆಜ್ಜೆ ಬಂದವಳು ಅಪ್ಪನನ್ನು ಕಂಡು ಹಾಗೇ ನಿಂತಳು. ಚೌರಪ್ಪನವರ ಮುಖ ಕಪ್ಪಿಟ್ಟಿತು.

“ಇದಕ್ಕಾ ನನ್ನ ಕರ್ಸಿದ್ದು?” ಕತ್ತರಿಯನ್ನು ಕುರ್ಚಿ ಮೇಲಿಟ್ಟು, ಮಗಳ ಪಕ್ಕದಲ್ಲೇ ಹಾದು, ತಿರುಗಿ ನೋಡದೆ ಹೊರಟುಹೋದರು. ಹುಡುಗರೆಲ್ಲ ನೆಲ ನೋಡುತ್ತಿದ್ದರು.

ಜೆಸಿಂತಾ ಓಡಿ ಹೋಗಿ ಅನಿತಾಳ ಕೈ ಹಿಡಿದಳು.

“ಅಪ್ಪ ಇರ್ತಾರೆ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬರ್ತಿರ್ಲಿಲ್ಲ ಕಣೇ.”

“ಬರೋದು ಬುಡೋದು ನನ್ನಿಷ್ಟ ಅಲ್ವಾ? ಅಷ್ಟು ಜನದ ಮುಂದೆ ನಮ್ಮಿಬ್ರನ್ನೂ ನಿಲ್ಸಿ ನಿನ್ನ ಕೋಣೆಗೆ ಹೆಸರು ಮಾಡ್ಕೊಳಕ್ಕೆ ಹೊರಟ್ಯಾ?” ಅನಿತಾ ಕೈ ಕಿತ್ತುಕೊಂಡಳು. ಶಿವಶಂಕರ್ ಬೈಕ್ ಸ್ಟಾರ್ಟ್ ಮಾಡಿದ.

ಆ ವಾರವೆಲ್ಲ ಜೆಸಿಂತಾ ಕೂತಲ್ಲಿ ಕೂರಲಿಲ್ಲ. ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಡುತ್ತಾ ಅರ್ಧಕ್ಕೇ ಮರೆತಳು. ಕೊನೆಗೆ ತಡೆಯಲಾಗದೆ ಚೌರಪ್ಪನವರ ಮನೆಗೆ ಹೋದಳು.

“ತಪ್ಪಾಯ್ತು ಅಂಕಲ್.”

ಅವರು ಕೂರಲು ಕುರ್ಚಿ ತೋರಿಸಿದರು. “ಮಗಳು ಬಂದ್ಲು ಅಂತ ಸಿಟ್ಟಲ್ಲ ಕಣವ್ವ. ಒಂದು ಮಾತು ಮೊದ್ಲೇ ಯೋಳಿದ್ರೆ, ಏನ್ ಮಾತಾಡ್ಬೇಕು ಅಂತ ಮನ್ಸಲ್ಲೇ ಜೋಡಿಸ್ಕೊಂಡು ಬತ್ತಿದ್ದೆ. ಅಂಗೆ ದಿಢೀರಂತ ಕಂಡ್ಲು. ಅವ್ಳ ಮುಂದೆ ಮಾತೇ ಬರ್ಲಿಲ್ಲ.”

ಮಾರನೇ ದಿನ ಅವಳು ರಾವಂದೂರಿನ ಬಸ್ಸು ಹತ್ತಿದಳು. ಅನಿತಾ ಅತ್ತೆಯ ಜೊತೆ ಕೂತು ಹೊಗೆಸೊಪ್ಪನ್ನು ಒಣಗಿಸಲೆಂದು ಕಡ್ಡಿಗೆ ಕಟ್ಟುತ್ತಿದ್ದಳು. ಗೆಳತಿಯನ್ನು ಕಂಡರೂ ಕಟ್ಟುವುದನ್ನು ಬಿಡಲಿಲ್ಲ. ಜೆಸಿಂತಾ ಚೌರಪ್ಪ ಹೇಳಿದ್ದನ್ನು ಹಾಗೇ ಹೇಳಿದಳು.

“ಅಪ್ಪ ಹೇಳಿ ಕಳ್ಸಿದ್ರಾ, ನೀನೇ ಹೇಳ್ತಿದ್ದೀಯಾ?”

“ನಾನೇ ಹೇಳ್ತಿದ್ದೀನಿ. ಅವ್ರು ಹೇಳು ಅನ್ಲಿಲ್ಲ.”

ಅನಿತಾಳ ಕೈ ನಿಂತಿತು. “ಬರೋ ಭಾನುವಾರ ಅಲ್ಲಿ ಯಾರ್ಯಾರು ಇರ್ತಾರೆ?”

“ನಾನು, ಹುಡುಗ್ರು. ನೀನು ಬರ್ತೀಯ ಅಂದ್ರೆ ಅಂಕಲ್‌ಗೆ ಹೇಳ್ತೀನಿ. ಬರ್ತಾರೋ ಇಲ್ವೋ ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ.”

“ಸರಿ. ಹೇಳು,” ಅಂದಳು ಅನಿತಾ, ಸೊಪ್ಪಿನಿಂದ ಕಣ್ಣು ಎತ್ತದೆ.

ಭಾನುವಾರ ಬಂತು. ಕೆಲವು ಮನೆಯವರು ಗಲಾಟೆಯ ಜಾಗ ಎಂದು ಮಕ್ಕಳನ್ನು ಕಳಿಸಿರಲಿಲ್ಲ. ಬಂದವರು ಕೋಣೆಯಲ್ಲಿ ಗುಸುಗುಸು ಮಾತಾಡುತ್ತಿದ್ದರು. ಜೆಸಿಂತಾ ಒಳಗೊಮ್ಮೆ ಹೊರಗೊಮ್ಮೆ ಓಡಾಡಿದಳು. ಚೌರಪ್ಪ ಗೇಟಿನ ಹತ್ತಿರ ಬಂದು ನಿಂತರು, ಒಳಗೆ ಕಾಲಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬೈಕೂ ಬಂತು.

ಹೋಗಿ ಮಾತು ಶುರುಮಾಡಿಕೊಡಲೇ ಎಂದು ಜೆಸಿಂತಾಳ ಕಾಲು ತುಡಿಯಿತು. ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಅಪ್ಪ ಮಗಳ ಮಾತು ಕೇಳಿಸುವಷ್ಟು ಹತ್ತಿರವಿರಲಿಲ್ಲ. ಅನಿತಾ ಒಮ್ಮೆ ಜೋರಾಗಿ ಕೈ ಬೀಸಿ ಮಾತಾಡಿದಳು. ಚೌರಪ್ಪ ತಲೆ ತಗ್ಗಿಸಿದರು. ಆಮೇಲೆ ಅವರು ದೂರದಲ್ಲಿ ನಿಂತಿದ್ದ ಶಿವಶಂಕರ್ ಕಡೆ ನಡೆದರು.

“ಬಿಸ್ಲಲ್ಲಿ ಯಾಕೆ ನಿಂತಿದ್ದೀರಿ? ಮನೆ ಕಡೆ ನಡೀರಿ. ಊಟ ಮಾಡ್ಕೊಂಡು ಓಗೀರಂತೆ,” ಅಂದದ್ದು ಮಾತ್ರ ಬಾಗಿಲ ತನಕ ಕೇಳಿಸಿತು.

ಬೈಕು ಚೌರಪ್ಪನವರ ಬೀದಿಗೆ ತಿರುಗಿತು. ಅವರು ಹಿಂದಿನಿಂದ ಬಿರಬಿರನೆ ನಡೆದರು. ಮೂವರಲ್ಲಿ ಯಾರೂ ಕೋಣೆಯತ್ತ ನೋಡಲಿಲ್ಲ.

ಜೆಸಿಂತಾಗೆ ಒಳಗೆಲ್ಲೋ ಚುರ್ರೆಂದಿತು. ತಕ್ಷಣ ನಗುವೂ ಬಂತು. ಅಲ್ಲಿ ಊಟಕ್ಕೆ ಕೂತ ಮೇಲೆ ಏನು ಮಾತು ಬರುತ್ತದೋ, ಯಾರು ಎದ್ದು ಹೋಗುತ್ತಾರೋ, ಅವಳಿಗೆ ತಿಳಿಯುವಂತಿರಲಿಲ್ಲ. ಒಳಗೆ ಬಂದು ಪ್ರಾರ್ಥನೆ ಶುರುಮಾಡಿದಳು. ಮನಸ್ಸು ಮಾತ್ರ ಇನ್ನೂ ಆ ಬೀದಿಯಲ್ಲೇ ಓಡಾಡುತ್ತಿತ್ತು.